ಮರಿಸೋಲ್ ತೋಟದ ಬುಡದ ಚಿಗುರು

ಈ ಸಲದ ಮಣೂಕವನ್ನೆಲ್ಲ, ಅಂದರೆ ಒಣದ್ರಾಕ್ಷಿಯನ್ನೆಲ್ಲ, ಕೋಲ್ಡ್ ಸ್ಟೋರೇಜಿಗೆ ಸಾಗಿಸಿ ಹಗುರಾದ ಮೇಲೆ, ಜೂನ್ ತಿಂಗಳಲ್ಲಿ ನಮ್ಮ ಕಡೆಯ ಕೆಲವು ದ್ರಾಕ್ಷಿ ಬೆಳೆಗಾರರು ಸ್ಪೇನ್ ನೋಡಲು ಹೊರಟರು. ಇಂಡಿ ತಾಲೂಕಿನವರೇ ಹೆಚ್ಚು. ಬಸವನ ಬಾಗೇವಾಡಿಯ ಒಬ್ಬರು, ಮುದ್ದೇಬಿಹಾಳದ ಆಚೆ ತಂಗಡಗಿಯ ಇಬ್ಬರು ಜೊತೆಗೂಡಿದ್ದರು. ನನಗೆ ಒಂದು ಗುಂಟೆ ದ್ರಾಕ್ಷಿಯೂ ಇಲ್ಲ. ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಾಲೋಟಗಿಯ ಗುರಪ್ಪ ಮಾವ, ಅಂದರೆ ನನ್ನ ತಾಯಿಯ ಅಣ್ಣ, "ಅಲ್ಲಿ ಮಾತಾಡಾಕ ನಮ್ಮಾಂವ ಒಬ್ಬ ಬೇಕಲ್ಲೋ, ನಡಿ" ಎಂದು ನನ್ನನ್ನೂ ಎಳೆದುಕೊಂಡರು. ಸಾಲೆ ಸುರುವಾದ ಹೊತ್ತಿನಲ್ಲೇ ರಜೆ ಬೇಡಿದ್ದಕ್ಕೆ ನಮ್ಮ ಹೆಡ್ ಮಾಸ್ತರರು ನನ್ನ ಮೇಲೆ ಇನ್ನೂ ಸಿಟ್ಟಾಗಿದ್ದಾರೆ.

ಇಂಡಿಯಿಂದ ಬಸ್ಸಿನಲ್ಲಿ ಸೊಲ್ಲಾಪುರ, ಅಲ್ಲಿಂದ ರೈಲಿಗೆ ಮುಂಬೈ, ಮುಂಬೈಯಿಂದ ದುಬೈ ಮೇಲೆ ಹಾಯ್ದು ಮ್ಯಾಡ್ರಿಡ್. ವಿಮಾನದ ಊಟ ಬಂದಾಗಲೆಲ್ಲ ನಮ್ಮವರು ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಿದ್ದರು. ಮ್ಯಾಡ್ರಿಡ್‌ನಲ್ಲಿ ನಮ್ಮ ಏಪ್ರಿಲ್ ತಿಂಗಳಿನಂಥ ಬಿಸಿಲು. ರಾತ್ರಿ ಒಂಬತ್ತು ಹೊಡೆದರೂ ಹೊತ್ತು ಮುಳುಗುವ ಮಾತಿಲ್ಲ. "ಇವರು ಉಣ್ಣೂದ ಯಾವಾಗ, ಮಲಗೂದ ಯಾವಾಗ?" ಎಂದು ಮಾವ ಹೋಟೆಲಿನ ಕಿಟಕಿಯಲ್ಲಿ ನಿಂತು ಊರಿಗೆಲ್ಲ ಕೇಳಿಸುವಂತೆ ಕೇಳಿದರು. ಮೊದಲ ಎರಡು ದಿನ ಊರು ನೋಡುವುದರಲ್ಲಿ, ಕಾಲು ನೋಯಿಸಿಕೊಳ್ಳುವುದರಲ್ಲಿ ಕಳೆಯಿತು.

ಮೂರನೆಯ ದಿನ ಬಾಡಿಗೆ ಬಸ್ಸಿನಲ್ಲಿ ಸುಮಾರು ಇನ್ನೂರು ಕಿಲೋಮೀಟರ್ ವಾಯವ್ಯಕ್ಕೆ, ದುವೆರೊ ಎಂಬ ನದಿಯ ಬದಿಗೆ ಹೋದೆವು. ದಾರಿಯುದ್ದಕ್ಕೂ ಬಯಲು, ಕೊಯ್ಲಿಗೆ ಬಂದ ಗೋಧಿ, ದೂರಕ್ಕೊಂದು ಊರು. ತಂಗಡಗಿಯವರೊಬ್ಬರು "ಸಿಂದಗಿ ದಾಟಿ ಹೊಂಟಂಗ ಆಗಾಕತ್ತೈತಿ" ಅಂದರು. ನಾವು ಇಳಿದದ್ದು ಕಲ್ಲಿನ ಗೋಡೆಯೊಳಗಿನ ಒಂದು ಹಳೆಯ ದ್ರಾಕ್ಷಿ ತೋಟದ ಬಾಗಿಲಿಗೆ. ಒಡತಿಯ ಹೆಸರು ಮರಿಸೋಲ್. ವಯಸ್ಸು ಐವತ್ತರ ಆಚೀಚೆ, ತಲೆಗೆ ಹುಲ್ಲಿನ ಟೋಪಿ, ಅಂಗೈ ತುಂಬ ಜಡ್ಡು. ನನ್ನಂತೆಯೇ ತಡವರಿಸುವ ಇಂಗ್ಲಿಷ್. ಹೀಗಾಗಿ ನಮ್ಮಿಬ್ಬರಿಗೂ ಬೇಗ ಹೊಂದಿಕೆಯಾಯಿತು.

ಈ ಗೋಡೆಯೊಳಗೆ ಬೆಳೆದ ಹಣ್ಣಿಗೆ ಹೊರಗಿನ ಒಂದು ಗೊನೆಯೂ ಸೇರುವುದಿಲ್ಲ ಎಂದು ಆಕೆ ಹೇಳಿದಳು. ಹಣ್ಣು ಇಲ್ಲಿಯದೇ, ಹಿಂಡುವುದು ಇಲ್ಲೇ, ವೈನು ಮಾಗುವುದೂ ಇದೇ ಅಂಗಳದ ಕೆಳಗೆ. ಮೆಟ್ಟಿಲಿಳಿದು ನೆಲಮನೆಗೆ ಹೋದೆವು. ಆಕೆಯ ಮುತ್ತಜ್ಜನಿಗಿಂತ ಹಿಂದಿನವರು ಕೊರೆಸಿದ್ದರಂತೆ. ಹೊರಗೆ ಬೆವರು ಸುರಿಯುತ್ತಿದ್ದರೆ ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು ತಂಪು. ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿದ್ದವು. ಒದ್ದೆ ಮಣ್ಣು, ಕಟ್ಟಿಗೆ, ಹುಳಿ ಎಲ್ಲ ಕೂಡಿದ ವಾಸನೆ. ಬಾಗೇವಾಡಿಯವರು ಮೂಗು ಮುಚ್ಚಿಕೊಂಡು ಫೋಟೋ ತೆಗೆಸಿಕೊಂಡರು.

ಆಮೇಲೆ ತೋಟ. ತಂತಿಯಿಲ್ಲ, ಚಪ್ಪರವಿಲ್ಲ, ನೀರಿನ ಪೈಪಿಲ್ಲ. ಮೊಣಕಾಲೆತ್ತರದ ದಪ್ಪ ಬೊಡ್ಡೆಗಳು, ತಲೆಯ ಮೇಲೆ ಒಂದಿಷ್ಟು ಹಸಿರು. "ಏನೋ ಇದು, ತೊಗರಿ ಕಟಗಿ ನಿಂತಂಗ ನಿಂತಾವಲ್ಲ!" ಎಂದರು ಮಾವ. ಮರಿಸೋಲ್ ಉಳಿದವರೊಂದಿಗೆ ಮುಂದೆ ಹೋಗುತ್ತಿದ್ದಳು. ನಾನು, ಮಾವ ಹಿಂದೆ ಉಳಿದೆವು.

ನಮ್ಮ ಕಡೆಯ ಒಂದು ರೂಢಿ ಇಲ್ಲಿ ಹೇಳಲೇಬೇಕು. ಇನ್ನೊಬ್ಬರ ದ್ರಾಕ್ಷಿ ತೋಟಕ್ಕೆ ಹೋದವರು ಕೈಬೀಸಿಕೊಂಡು ನಡೆಯುವುದಿಲ್ಲ. ಮಾತಾಡುತ್ತಲೇ ಬೇಡದ ಚಿಗುರು ಮುರಿಯುತ್ತ ಹೋಗುತ್ತಾರೆ; ಅದು ಮನೆಯವರಿಗೆ ತೋರುವ ಮರ್ಯಾದೆ. ಅದರಲ್ಲೂ ಬುಡದ ಚಿಗುರು ಕಂಡರೆ ಬಿಡುವುದೇ ಇಲ್ಲ. ನಮ್ಮಲ್ಲಿ ಕಾಡು ದ್ರಾಕ್ಷಿಯ ಬೇರಿನ ಮೇಲೆ ಒಳ್ಳೆಯ ಬಳ್ಳಿಯನ್ನು ಕಸಿ ಕಟ್ಟಿರುತ್ತಾರೆ. ಬುಡದಿಂದ ಎದ್ದದ್ದು ಕಾಡಿನದು, ಮೇಲಿನದರ ಬಾಯಿಯ ತುತ್ತು ಕಸಿಯುವಂಥದು. ಅದನ್ನು ಹಾಗೇ ಬಿಟ್ಟವನನ್ನು ಸುತ್ತಲಿನವರು ಆಡಿಕೊಳ್ಳುತ್ತಾರೆ.

ತೋಟದ ತುದಿಯಲ್ಲಿ ಮರಳು ನೆಲ. ಅಲ್ಲೊಂದು ಮುದಿ ಬೊಡ್ಡೆಯ ಬುಡದಿಂದ ಗಜದುದ್ದದ ಚಿಗುರು ಎದ್ದು ನಿಂತಿತ್ತು. "ನೋಡೋ, ಇಷ್ಟ ದೊಡ್ಡ ಮಂದಿ, ಕಾಡ ಕಡ್ಡಿ ಹಂಗ ಬಿಟ್ಟಾರ" ಎಂದು ಮಾವ ಬಗ್ಗಿ ಹೆಬ್ಬೆರಳಿನಿಂದ ಒತ್ತಿ ಲಟ್ಟನೆ ಮುರಿದು ಸಾಲಿನ ನಡುವೆ ಎಸೆದರು. ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ಪಕ್ಕದ ಬಳ್ಳಿಯ ಎರಡು ಸಣ್ಣ ಚಿಗುರನ್ನು ನಾನೂ ಕಿತ್ತೆ. ಸಾಲೆ ಸೂಟಿಯಲ್ಲಿ ಮಾವನ ತೋಟದಲ್ಲಿ ದುಡಿದ ಕೈ, ಸುಮ್ಮನಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮರಿಸೋಲ್ ಎಲ್ಲರನ್ನೂ ಅಲ್ಲಿಗೇ ಕರೆತಂದಳು. ಆಕೆಯ ಮುಖದಲ್ಲಿ ಕೂಸು ತೋರಿಸಲು ಬಂದವಳ ಸಂಭ್ರಮ. ನಾನು ಒಂದೊಂದು ಮಾತನ್ನೂ ಕನ್ನಡಕ್ಕೆ ಇಳಿಸಬೇಕು. "ಈ ಮೂಲೆಯೇ ನಮ್ಮ ತೋಟದ ಜೀವ. ಬೇರು ತಿನ್ನುವ ಹುಳ ಈ ಮರಳಿನಲ್ಲಿ ಬದುಕುವುದಿಲ್ಲ. ಅದಕ್ಕೇ ಇಲ್ಲಿ ಕಸಿ ಮಾಡಿಲ್ಲ, ಎಲ್ಲವೂ ತಮ್ಮ ಬೇರಿನ ಮೇಲೇ ನಿಂತಿವೆ." ಅಂದರೆ ಮಾವ ಮುರಿದದ್ದು ಕಾಡಿನ ಕಡ್ಡಿಯಲ್ಲ. ಕನ್ನಡದಲ್ಲಿ ಹೇಳುವುದನ್ನು ಬಿಟ್ಟು ಕೇಳುತ್ತ ನಿಂತೆ. ಒಂದು ಬಳ್ಳಿ ಸತ್ತರೆ ನರ್ಸರಿಯ ಸಸಿ ಹಚ್ಚುವುದಿಲ್ಲವಂತೆ. ಪಕ್ಕದ ಬಳ್ಳಿಯ ಬುಡದ ಚಿಗುರನ್ನು ಉದ್ದ ಬೆಳೆಯಲು ಬಿಟ್ಟು, ಚಳಿಗಾಲದಲ್ಲಿ ನೆಲದೊಳಗೆ ಹೂತು, ತುದಿಯನ್ನು ಖಾಲಿ ಜಾಗದಲ್ಲಿ ಮೇಲೆತ್ತುತ್ತಾರೆ. ತನ್ನ ಬೇರು ಗಟ್ಟಿಯಾಗುವವರೆಗೆ ಅದು ತಾಯಿಯದನ್ನೇ ಕುಡಿಯುತ್ತದೆ. "ಇಲ್ಲಿ ನೋಡಿ, ಈ ಜಾಗ ಖಾಲಿ. ಈ ಮುದುಕಿ ಎಷ್ಟೋ ವರ್ಷದಿಂದ ಬುಡದಲ್ಲಿ ಚಿಗುರಿರಲಿಲ್ಲ. ಈ ವರ್ಷ ಒಂದು…"

ಬಗ್ಗಿದವಳು ಹಾಗೇ ನಿಂತಳು. ಮುರಿದ ಜಾಗ ಇನ್ನೂ ಹಸಿಯಾಗಿತ್ತು.

"ಏನ ಹುಡಕಾಕತ್ತಾಳ? ಆ ಕಡ್ಡಿ ಏನು?" ಮಾವ ಜನರನ್ನು ಸರಿಸಿ ಮುಂದೆ ಬಂದರು. "ನಾನ ತಗದೇನಿ ಅಂತ ಹೇಳೋ. ಅಕಿ ತ್ವಾಟಾ ಅಂದ್ರೂ ಒಂದ, ನಮ್ಮ ತ್ವಾಟಾ ಅಂದ್ರೂ ಒಂದ. ಸಂಕೋಚ ಬ್ಯಾಡ ಅನ್ನು."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೂ ಹೇಳಿದೆ. ಮುರಿದವರು ಇವರು, ನಾನು ನೋಡಿ ನಕ್ಕೆ, ನಮ್ಮಲ್ಲಿ ಬುಡದ ಚಿಗುರೆಂದರೆ ಕಾಡಿನದು, ಅದನ್ನು ತೆಗೆಯುವುದು ಮರ್ಯಾದೆ ಎಂದೆಲ್ಲ ಹೇಳಿದೆ. ಮರಿಸೋಲ್ ಮಾವನ ಮುಖ ನೋಡಿದಳು. ಶಾಬಾಸ್‌ಗಿರಿಗೆ ಕಾದಿದ್ದ ಮುಖ ಅದು. "ನಾನು ಥ್ಯಾಂಕ್ಸ್ ಹೇಳಿದೆ ಅನ್ನಿ. ಬೇರೇನೂ ಹೇಳಬೇಡಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಥ್ಯಾಂಕ್ಸ್ ಅಂತಾರ್ರಿ ಮಾವ."

"ಇರ್ಲಿ ಬಿಡು, ಅದರಾಗೇನೈತಿ!"

ಮುಂದಿನ ಸಾಲಿಗೆ ಹೋದೆವು. ಅಲ್ಲೊಂದು ಬಳ್ಳಿಯ ಬುಡದಿಂದ ಹೊರಟ ಕಡ್ಡಿ ನೆಲದೊಳಗೆ ಇಳಿದು, ನಾಲ್ಕು ಹೆಜ್ಜೆಯಾಚೆ ಎಳೆ ಬಳ್ಳಿಯಾಗಿ ಎದ್ದಿತ್ತು. ಮಾವ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಮರಳು ಸರಿಸಿದರು. ಇಲ್ಲಿಂದ ಅಲ್ಲಿಗೆ ಕಣ್ಣಾಡಿಸಿ, ಆಮೇಲೆ ಹಿಂದೆ ತಿರುಗಿ ಆ ಖಾಲಿ ಜಾಗವನ್ನು ನೋಡಿದರು. ಹುಟ್ಟಾ ದ್ರಾಕ್ಷಿಯಲ್ಲೇ ಬೆಳೆದ ಮನುಷ್ಯನಿಗೆ ಯಾರೂ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ.

"ಅಕಿ ಥ್ಯಾಂಕ್ಸ್ ಅಂದದ್ದು ಖರೇನೋ?"

"ಅಂದದ್ದು ಖರೇರಿ."

"ಮತ್ತ ನೀ ಯಾಕ ನೆಲಾ ನೋಡಾಕತ್ತಿ?"

ಮಾವ ಹಿಂದಕ್ಕೆ ಹೋಗಿ ಆ ಚಿಗುರನ್ನು ಹುಡುಕಿ ತಂದರು. ಬಿಸಿಲಿಗೆ ಆಗಲೇ ಬಾಡಿ ಜೋತುಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, "ನೀರಾಗಿಟ್ಟು ಬೇರ ಬರಿಸಾಕ ಆಗತೈತೇನ ಕೇಳು" ಎಂದರು. ಮರಿಸೋಲ್ ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದಳು. ಬೇರು ಬಂದರೂ ನೀರಿಲ್ಲದ ಈ ಮರಳಿನಲ್ಲಿ ತಾಯಿಯ ಆಸರೆಯಿಲ್ಲದೆ ಬದುಕದು, ಮುಂದಿನ ವರ್ಷ ಮತ್ತೊಂದು ಬಂದರೂ ಬರಬಹುದು ಎಂದಳು. ಬರುತ್ತದೆ ಎಂಬ ನಂಬಿಕೆ ಆ ದನಿಯಲ್ಲಿರಲಿಲ್ಲ. ಮಾವ ಟೋಪಿ ತೆಗೆದರು.

ಊಟ ಮನೆಯ ಹಿಂದಿನ ಮರದ ನೆರಳಲ್ಲಿ. ಬ್ರೆಡ್ಡು, ಟೊಮ್ಯಾಟೊ, ಚೀಸು, ಪಾಲಕ್ ಹಾಕಿ ಬೇಯಿಸಿದ ಕಾಬೂಲಿ ಕಡಲೆ. ನಮ್ಮ ಸಲುವಾಗಿ ಮಾಂಸ ಬಿಟ್ಟು ಮಾಡಿಸಿದ್ದಳು. ಮೂರು ವೈನು ಬಂದವು. ಮೊದಲನೆಯದು ಎಳೆ ಬಳ್ಳಿಗಳದು, ಎರಡನೆಯದು ಪೀಪಾಯಿಯಲ್ಲಿ ಮಾಗಿದ್ದು, ಕೊನೆಯದು ಆ ಮರಳಿನ ಮೂಲೆಯದು. ವರ್ಷಕ್ಕೆ ಕೆಲವೇ ಪೀಪಾಯಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಾವ ಎಂದೂ ಇಂಥದ್ದನ್ನು ಮುಟ್ಟಿದವರಲ್ಲ. ಗ್ಲಾಸನ್ನು ಬೋರಲು ಹಾಕಿದ್ದರು. ಕೊನೆಯದನ್ನು ಸುರಿಯುತ್ತ ಬಂದ ಮರಿಸೋಲ್ ಅದನ್ನು ನೋಡಿ ಮುಂದೆ ಹೊರಟಳು. ಮಾವ ತಾವೇ ಗ್ಲಾಸು ತಿರುಗಿಸಿ ಆಕೆಯತ್ತ ಹಿಡಿದರು.

"ಮಾವ, ಬ್ಯಾಡ ಅಂದ್ರ ಅವರೇನೂ ಬ್ಯಾಸರ ಮಾಡ್ಕೊಳ್ಳೂದಿಲ್ರಿ."

"ಅಕಿ ತ್ವಾಟದಾಗ ಕೆಡಸಬಾರದ್ದ ಕೆಡಿಸಿ ಬಂದು ಕುಂತೇನಿ. ಅಕಿ ಕೊಟ್ಟದ್ದ ಬ್ಯಾಡನ್ನಾಕ ನನಗ ಬಾಯಿ ಎಲ್ಲೈತಿ?"

ಕಷಾಯ ಕುಡಿಯುವವರಂತೆ ಮುಖ ಕಿವುಚಿ, ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ನಾನೂ ಕುಡಿದೆ. ಮೊದಲು ಹುಳಿ, ಆಮೇಲೆ ನೇರಳೆ ಹಣ್ಣು ತಿಂದಾಗಿನ ಒಗರು. ನುಂಗಿದ ಮೇಲೂ ಎಷ್ಟೋ ಹೊತ್ತು ಬಾಯಲ್ಲಿ ಉಳಿಯಿತು. ಒಳ್ಳೆಯ ವೈನಿನ ಲಕ್ಷಣ ಅದೇ ಎಂದು ಮರಿಸೋಲ್ ಹೇಳಿದಳು. ನನಗೆ ಮಾತ್ರ ಅದು ಬೇಗ ಹೋಗಿದ್ದರೆ ಸಾಕಾಗಿತ್ತು.

ಬಸ್ಸು ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ತಗ್ಗು ಗೋಡೆಯಾಚೆ ಆಕೆ ಮರಳಿನ ಮೂಲೆಯಲ್ಲಿ ಆ ಬೊಡ್ಡೆಯ ಮುಂದೆ ಬಗ್ಗಿ ನಿಂತಿದ್ದಳು. ಮಾವ ತಿರುಗಿ ನೋಡಲಿಲ್ಲ. ಉಳಿದ ದಿನಗಳಲ್ಲಿ ಇನ್ನೆರಡು ತೋಟ ನೋಡಿದೆವು. ಮಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆದರು.

ಸಾಲೋಟಗಿಗೆ ನಾವು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಜೊತೆಗಿದ್ದವರು ಯಾರೋ ಫೋನಿನಲ್ಲಿ ಹೇಳಿದ್ದರು, ಮುರಿದದ್ದನ್ನಲ್ಲ, ಕುಡಿದದ್ದನ್ನು. ನೀಲವ್ವ ಅತ್ತೆ ಕಾಲಿಗೆ ನೀರು ಕೊಡುವ ಮೊದಲೇ ಪಡಸಾಲೆಯಲ್ಲಿ ಓಣಿಯವರೆಲ್ಲರ ಎದುರು ಕೇಳಿದರು.

"ಕುಡದ್ರಂತಲ್ಲ, ಖರೆ ಏನ್ರಿ?"

"ಖರೆ. ಕುಡದೇನಿ."

"ಮೊಮ್ಮಕ್ಕಳಿಗೆ ಹೆಂಗ ಮಾರಿ ತೋರಸ್ತೀರಿ? ಮಂದಿ ಮನಿಗೆ ಹೋದಾಗ ಹೆಂಗ ಇರಬೇಕಂಬೂದು ಇಷ್ಟ ವಯಸ್ಸಾದ್ರೂ ತಿಳೀಲಿಲ್ಲಲ್ರಿ ನಿಮಗ!"

ಯಾಕೆ ಕುಡಿದರೆಂದು ಹೇಳಲು ನಾನು ಬಾಯಿ ತೆರೆದೆ. ಮಾವ ನನ್ನ ಮೊಣಕಾಲನ್ನು ಒತ್ತಿ ಹಿಡಿದರು.

"ತಿಳೀಲಿಲ್ಲ ನೋಡು," ಎಂದರು ಅತ್ತೆಗೆ. ಅತ್ತೆ ಇನ್ನಷ್ಟು ಬೈದರು. ಇನ್ನೂ ಬೈಯಲಿ ಎನ್ನುವವರಂತೆ ಮಾವ ತಲೆ ತಗ್ಗಿಸಿ ಕುಳಿತೇ ಇದ್ದರು.