ಕುಲುಮೆ ಕಾಯುವ ರದೋಯ್ಕಾ

ರದೋಯ್ಕಾ ಗಾಜಿನ ಕಾರ್ಖಾನೆ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ನಲವತ್ತಕ್ಕೆ ಕುಲುಮೆಯ ಪಾಳಿಗೆ ಮುಖ್ಯಸ್ಥೆಯಾದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಪಾಳಿ ಹೊಂದಲಿಲ್ಲ ಎನ್ನುತ್ತಿದ್ದಳು.

ಗಾಜಿನ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಆರಿಸುವಂತಿಲ್ಲ. ತಣ್ಣಗಾದರೆ ಒಳಗಿನ ಗಾಜು ಕಲ್ಲಾಗಿ ಇಟ್ಟಿಗೆಗಳನ್ನೇ ಸೀಳುತ್ತದೆ. ಆಮೇಲೆ ಒಡೆದುಹಾಕುವುದೊಂದೇ ದಾರಿ. ಹಾಗಾಗಿ ದಕ್ಷಿಣ ಸರ್ಬಿಯಾದ ಆ ಪುಟ್ಟ ಊರಿನವರು ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಚಿಮಣಿಯನ್ನು. ಯುದ್ಧದ ವರ್ಷಗಳಲ್ಲೂ ಅದರ ಬಾಯಿಂದ ಬಿಸಿಗಾಳಿ ನಡುಗುತ್ತ ಏಳುತ್ತಿತ್ತು.

ಎರಡು ಸಾವಿರದ ಮೂರರಲ್ಲಿ, ಸರ್ಕಾರಿ ಕಾರ್ಖಾನೆಯ ಆಡಳಿತವನ್ನು ಸರಿಪಡಿಸಿ ಖಾಸಗಿಯವರಿಗೆ ಒಪ್ಪಿಸುತ್ತೇವೆ ಎಂದು ರಾಜಧಾನಿಯಿಂದ ಆದೇಶ ಬಂತು. ಒಂದು ವರ್ಷದ ಮಾತು ಎಂದರು, ಹನ್ನೊಂದು ವರ್ಷ ಹಿಡಿಯಿತು. ಏಳು ಜನ ನಿರ್ದೇಶಕರು ಬಂದುಹೋದರು. ಪ್ರತಿಯೊಬ್ಬನೂ ಕ್ಯಾಂಟೀನಿನಲ್ಲಿ ನಿಂತು ತಾಳ್ಮೆ ಕೇಳಿದ. ಉತ್ಪಾದನೆ ನಿಂತಿತು, ಬೆಂಕಿ ನಿಲ್ಲಲಿಲ್ಲ. ರದೋಯ್ಕಾ ಮತ್ತು ಮೂವರು ಸರದಿಯಲ್ಲಿ ಕುಲುಮೆಯನ್ನು, ಗಾಜು ತೆಗೆಯದಿದ್ದರೂ ಕಾವು ಆರದಂತೆ, ಕಾಯ್ದರು.

ಆ ಕಾರ್ಖಾನೆಯಲ್ಲಿ ಗಾಜು ಊದುವವರ ಪೈಕಿ ತಿಹೊಮಿರ್‌ಗೆ ಸಾಟಿ ಇರಲಿಲ್ಲ. ಐದನೆಯ ವರ್ಷ ಸ್ಲೊವೇನಿಯಾದ ಕಾರ್ಖಾನೆಯೊಂದು ಅವನನ್ನು ಕರೆಯಿತು. ಅವನಿಗೆ ಆಗ ನಲವತ್ತನಾಲ್ಕು. ಕಾಗದ ಹಿಡಿದುಕೊಂಡು ನೇರವಾಗಿ ಕುಲುಮೆಯ ಬಳಿ ಬಂದ.

"ಹೋಗ್ಲಾ, ಅಕ್ಕ?"

"ಬೆಂಕಿ ಇರೋ ಕಾರ್ಖಾನೇನ ಯಾರಾದ್ರೂ ಮುಚ್ತಾರೇನೋ? ಕೊಳ್ಳೋನು ಬಂದ ದಿನ ಊದೋನೇ ಇಲ್ಲ ಅಂದ್ರೆ ನನ್ನ ಮುಖಕ್ಕೆ ಉಗೀತಾನೆ. ಇನ್ನೊಂದು ಚಳಿಗಾಲ ತಡ್ಕೋ."

"ನಿನ್ನ ಇನ್ನೊಂದು ಚಳಿಗಾಲ ಪ್ರತಿ ವರ್ಷ ಬರುತ್ತಲ್ಲ, ಮಾರಾಯ್ತಿ."

ನಕ್ಕ, ಉಳಿದುಕೊಂಡ. ಅವಳು ಹೇಳಿದ್ದು ಸುಳ್ಳಲ್ಲ. ಗಾಜಿನವರೆಲ್ಲ ನಂಬಿದ್ದು ಅದನ್ನೇ: ಬೆಂಕಿ ಉರಿಯುವವರೆಗೆ ಕಾರ್ಖಾನೆ ಬದುಕಿದೆ. ಆ ಬೆಂಕಿಯ ಅನಿಲಕ್ಕೂ ಬೇರೆಯವರ ರುಜು ಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ.

ತಿಹೊಮಿರ್ ಮೆಣಸಿನಕಾಯಿ ಬೆಳೆದ, ಪಕ್ಕದ ಊರಿನಲ್ಲಿ ಮರ ಕಡಿದ. ಎಂಟನೆಯ ವರ್ಷ ತಾನೇ ಸ್ಲೊವೇನಿಯಾಕ್ಕೆ ಬರೆದ. ಜಾಗ ತುಂಬಿದೆ, ವಯಸ್ಸೂ ಮೀರಿದೆ ಎಂದು ಎರಡು ಸಾಲಿನ ಉತ್ತರ ಬಂತು. ಅದನ್ನು ರದೋಯ್ಕಾಗೆ ತೋರಿಸಿ, ಮಡಚಿ ಜೇಬಿಗಿಟ್ಟುಕೊಂಡ.

ಹನ್ನೊಂದನೆಯ ವರ್ಷದ ಅಕ್ಟೋಬರಿನಲ್ಲಿ ಕಾರ್ಖಾನೆ ಮಾರಾಟವಾಗಿ, ಕೊಂಡವರ ಕಡೆಯ ಇಬ್ಬರು ಬಂದರು. ರದೋಯ್ಕಾ ನೆಲ ತೊಳೆಸಿದ್ದಳು. ತಿಹೊಮಿರ್ ಬಿಳಿ ಅಂಗಿ ತೊಟ್ಟು, ಊದುಕೊಳವೆ ಉಜ್ಜಿಟ್ಟುಕೊಂಡು ನಿಂತಿದ್ದ. ಬಂದವರಲ್ಲಿ ಕಿರಿಯವನು ಅನಿಲದ ಮುಖ್ಯ ಕವಾಟ ಎಲ್ಲಿದೆ ಎಂದು ವಿಚಾರಿಸಿದ. ಸುರಕ್ಷತೆಯ ತಪಾಸಣೆ ಇರಬೇಕೆಂದು ಅವಳೇ ಕರೆದೊಯ್ದು ತೋರಿಸಿದಳು. ಅವನು ಅದನ್ನು ಮುಚ್ಚಿದ.

"ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಮ್ಮ," ಎಂದ. "ನಮಗೆ ಬೇಕಿರೋದು ಜಾಗ ಮಾತ್ರ."

ಕುಲುಮೆ ತಣಿಯಲು ಐದು ದಿನ ಹಿಡಿಯಿತು. ಇಟ್ಟಿಗೆ ಸೀಳುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು.

ಡಿಸೆಂಬರಿನಲ್ಲಿ ಸಂತ ನಿಕೋಲನ ದಿನ. ತಿಹೊಮಿರ್‌ನ ಮನೆತನವನ್ನು ಕಾಯುವ ಸಂತ ಅವನು. ಆ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ನಮ್ಮವರು ಎಂದುಕೊಂಡವರು ತಾವೇ ಹೋಗುತ್ತಾರೆ. ಯಜಮಾನ ಅಂದು ಕೂರುವಂತಿಲ್ಲ, ಮನೆಗೆ ಬಂದವರಿಗೆ ಕಟುವಾಗಿ ಒಂದು ಮಾತೂ ಆಡುವಂತಿಲ್ಲ. ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ರದೋಯ್ಕಾ ಈ ಸಲವೂ ಹೋದಳು. ತಾನು ಇನ್ನೂ ಆ ಮನೆಗೆ ಬೇಕಾದವಳೇ ಎಂದು ಅವಳಿಗೆ ತಿಳಿಯಬೇಕಿತ್ತು.

ತಿಹೊಮಿರ್ ಬೇಯಿಸಿದ ಗೋಧಿಯ ತಟ್ಟೆಯನ್ನು ಮೊದಲು ಅವಳ ಮುಂದೆಯೇ ಹಿಡಿದ. ಮೀನು ಬಡಿಸಿದ, ವೈನ್ ತುಂಬಿದ, ಅವಳ ಆರೋಗ್ಯಕ್ಕೆಂದು ಲೋಟ ಎತ್ತಿದ. ಅವಳ ಎದೆ ಹಗುರಾಯಿತು. ಹೊರಟಾಗ ಕೋಟು ತೊಡಿಸಿ, ಹಿಮದಲ್ಲಿ ಗೇಟಿನವರೆಗೂ ಬಂದ, ಗೇಟು ದಾಟಿ ಬೀದಿಗೂ ಇಳಿದ.

"ಇಲ್ಲಿಂದಾಚೆ ನೀನು ನನ್ನ ಅತಿಥಿ ಅಲ್ಲ," ಎಂದ ಮೆಲ್ಲಗೆ. "ಮುಂದಿನ ವರ್ಷ ಬರಬೇಡ."

ತಾನೂ ಅವನ ಹಾಗೆಯೇ ನಂಬಿ ಕೆಟ್ಟವಳು ಎಂದು ಅವಳು ಹೇಳಬಹುದಿತ್ತು. ಆದರೆ ಅವನು ಬಂದು ಕೇಳಿದ್ದು ಅವಳನ್ನು, ಏಳು ನಿರ್ದೇಶಕರನ್ನಲ್ಲ.

"ಆಯ್ತಪ್ಪ," ಎಂದು ಹೇಳಿ ನಡೆದಳು.