ಹಯಾತಿಯ ಹೊಲ

ಆಯಿಯ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಹಸಿಮಣ್ಣಿನ ಒಲೆಗೆ ಪಾತ್ರೆ ಕೂರುವ ಮೂರು ಉಬ್ಬುಗಳನ್ನು ಒತ್ತಿ ಒತ್ತಿ ಅದು ಹಾಗಾಗಿತ್ತು. ಖಾನಾಪುರದ ನಮ್ಮ ಓಣಿಯಲ್ಲಿ ಆಕೆ ಎಲ್ಲರಿಗೂ ಆಯಿ. ಕುಂಬಾರರಲ್ಲಿ ತಿಗರಿ ತಿರುಗಿಸುವುದು ಗಂಡಸರ ಕೆಲಸ. ಗಂಡ, ನಮ್ಮೆಲ್ಲರ ಅಜ್ಜ, ಹೋದ ಮೇಲೆ ಆಕೆಗೆ ಉಳಿದದ್ದು ಕೈಯಲ್ಲಿ ತಟ್ಟುವ ಒಲೆಗಳು, ಅದಕ್ಕೆ ಮಣ್ಣು ತೆಗೆಯಲು ಊರ ಹೊರಗೊಂದು ಹೊಲ. ಅದು ಹೆಂಡತಿಗೆ ಹಯಾತಿ ಇರುವತನಕ, ಅಂದರೆ ಜೀವ ಇರುವವರೆಗೆ, ನಂತರ ಮಗನಿಗೆ ಎಂದು ಗಂಡ ಮೃತ್ಯುಪತ್ರದಲ್ಲಿ ಬರೆಸಿದ್ದ. ಮಗ ಮೊದಲ ಹೆಂಡತಿಯವನು. ಬೆಳಗಾವಿಯ ಖಾಸಬಾಗದಲ್ಲಿ ಇರುತ್ತಿದ್ದ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಮೆಟ್ರಿಕ್ ಮುಟ್ಟಿರಲಿಲ್ಲ. ಬಿ.ಎ. ಮುಗಿಸಿ, ಬೆಳಗಾವಿಗೆ ಕಾಯದೆ ಓದಲು ಹೋಗುತ್ತೇನೆ ಎಂದಾಗ ಅಪ್ಪ ಊಟ ಬಿಟ್ಟು ಎದ್ದ. ಸುದ್ದಿ ಕೇಳಿ ಆಯಿ ಬಂದು ಕಟ್ಟೆಯ ಮೇಲೆ ಕೂತಳು.

"ಕಳಸೋ ತಮ್ಮಾ. ರೊಟ್ಟಿ ಬಡಿಯಾಕ ಊರ ತುಂಬ ಮಂದಿ ಅದಾರ. ಕೋರ್ಟಿನ್ಯಾಗ ಮಾತಾಡಾಕ ನಮ್ಮವ್ರು ಒಬ್ಬರರೆ ಬ್ಯಾಡೇನು?"

"ಹುಡಗಿ ಐತಿ ಆಯಿ, ಅದು."

"ನನಗ ಕಣ್ಣ ಕಾಣಸ್ತಾವೋ."

ಅಪ್ಪ ನಕ್ಕುಬಿಟ್ಟ. ಆ ನಗುವಿನ ಮೇಲೆಯೇ ನಾನು ರೈಲು ಹತ್ತಿದೆ.

ರಜೆಯಲ್ಲಿ ಆಕೆಯ ಅಂಗಳದಲ್ಲೇ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಆಸ್ತಿ ಕಾಯದೆ ತಲೆಗೆ ಹತ್ತುತ್ತಿರಲಿಲ್ಲ. ಈಗಿನ ಹಕ್ಕು ಯಾವುದು, ಮುಂದಿನದು ಯಾವುದು, ಎಲ್ಲ ಕಲಸಿಹೋಗುತ್ತಿತ್ತು. "ನನಗ ತಿಳಿಯೂಹಂಗ ಹೇಳ ನೋಡೂಣು," ಎಂದು ಆಯಿ ಗಂಟುಬಿದ್ದಳು. ಹೇಳಿದೆ: ಈಗ ಉಣ್ಣುವವರು ಒಬ್ಬರು. ಅವರ ನಂತರ ಖಾತ್ರಿಯಾಗಿ ಉಣ್ಣುವವರು ಇನ್ನೊಬ್ಬರು. ಅವರ ಹಕ್ಕು ಇವತ್ತೇ ಹುಟ್ಟಿರುತ್ತದೆ, ಕೈಗೆ ಬರುವುದಷ್ಟೇ ತಡ. ಮೂರನೆಯವರಿಗೆ, ಇಂಥದ್ದೊಂದು ನಡೆದರೆ ಮಾತ್ರ.

"ಹಂಗಾರ ಹೊಲಕ್ಕ ನಾ ಮೊದಲನೇಕಿ, ನಮ್ಮ ಹುಡುಗ ಎರಡನೇಂವ. ಮೂರನೇಕಿ ನೀ. ಪಾಸಾದ್ರ ವಕೀಲಿ, ಇಲ್ಲಂದ್ರ ಬಂದು ನನ್ನ ಸಂಗಾಟ ಮಣ್ಣ ತುಳಿ!"

ಪಾಸಾದೆ. ಕರಿ ಕೋಟು ಹಾಕಿಕೊಂಡು ಮೊದಲು ಹೋಗಿ ನಿಂತದ್ದು ಆಕೆಯ ಮುಂದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ದಿನ ಆ ಮಗ ಬಂದು ಹೊಲದ ಬದುವಿನ ಮೇಲೆ ನಿಂತ. "ತೆಗದ ತೆಗದ ಹೊಲಾ ಬಾವಿ ಮಾಡಿಟ್ಟೀರಿ. ನಾಳೆ ನಾ ಇದರಾಗ ಏನ ಬಿತ್ಲಿ? ಮಣ್ಣ ತೆಗೆಯೂದ ಬಂದ ಮಾಡ್ರಿ," ಎಂದು ಹೇಳಿ, ನೀರೂ ಕುಡಿಯದೆ ಹೋದ.

ನಾನು ಕುದಿಯುತ್ತಿದ್ದೆ. "ಕೋರ್ಟಿಗೆ ಹೋಗೂಣು ಆಯಿ. ಅಜ್ಜ ಇದ್ದಾಗಿಂದ ಅಲ್ಲೇ ಮಣ್ಣ ತೆಗೀತಿದ್ರಿ. ನಾ ವಾದಾ ಮಾಡ್ತೀನಿ."

ಆಯಿ ಬೆರಳಿಗೆ ಅಂಟಿದ ಮಣ್ಣನ್ನು ಉಜ್ಜಿ ತೆಗೆದಳು. "ಅಂವನ ಹಕ್ಕ ಖಾತ್ರಿ ಅಂದಿದ್ದಿ ಅಲ್ಲ?"

"ಹೌದು. ನೀ ಇರೂತನಕ ಕೈಗೆ ಬರಂಗಿಲ್ಲ, ಅಷ್ಟ."

"ಹಂಗಾರ ಈ ತೆಗ್ಗೂ ಅಂವನ ಪಾಲಿಗೇ ಹೋಗೂದು. ಬ್ಯಾಡ ಪೋರಿ."

ಮಣ್ಣು ಕೊಂಡು ಒಲೆ ಕಟ್ಟಿದರೆ ಆಕೆಗೆ ಏನೂ ಗಿಟ್ಟುತ್ತಿರಲಿಲ್ಲ. ಒಲೆಗಳು ನಿಂತವು. ಆ ವಯಸ್ಸಿನಲ್ಲಿ ಜಾಂಬೋಟಿ ಕಡೆ ಭತ್ತದ ನಾಟಿಗೆ ಕೂಲಿ ಹೋಗತೊಡಗಿದಳು. ಬೆಳಗಾವಿಗೆ ಬಂದು ನನ್ನ ಜೊತೆ ಇರು ಎಂದು ಎಷ್ಟು ಕರೆದರೂ ಬರಲಿಲ್ಲ. "ಇಲ್ಲಿ ಕೆಲಸ ಐತಿ ನಂದು," ಎನ್ನುತ್ತಿದ್ದಳು. ಕೂಲಿಯ ಮಾತು ಆಡುತ್ತಿದ್ದಾಳೆ ಎಂದುಕೊಂಡಿದ್ದೆ.

ಒಂದು ಮಳೆಗಾಲದ ಕೊನೆಗೆ, ಎದೆಯಲ್ಲಿ ಕಫ ಕಟ್ಟಿ, ಆಯಿ ಹೋದಳು. ಮಣ್ಣು ಕೊಟ್ಟ ಮೇಲೆ ಮಗ ಹೊಲ ನೋಡಬೇಕೆಂದ, ನಾನೂ ಹೋದೆ. ಹೊಲ ಈಗ ಅವನದು, ಯಾವ ಕೋರ್ಟೂ ಹೇಳಬೇಕಿರಲಿಲ್ಲ. ತೆಗ್ಗು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಹಳ್ಳದ ಮೆಕ್ಕಲು ಮಣ್ಣು. ಬುಟ್ಟಿ ಬುಟ್ಟಿಯಾಗಿ ಸುರಿದ ಸಣ್ಣ ಗುಡ್ಡೆಗಳು ಮಳೆಗೆ ಕರಗಿಯೂ ಕಾಣುತ್ತಿದ್ದವು.

"ಇದನ್ನ ಯಾರ ತುಂಬಿಸಿದ್ರು?" ಎಂದ.

"ನಿಮ್ಮವ್ವ," ಎಂದೆ.

ಅವನು ಚಪ್ಪಲಿ ಬಿಟ್ಟು ಕೆಳಗಿಳಿದ. ಮಣ್ಣು ಇನ್ನೂ ಕೂತಿರಲಿಲ್ಲ. ಕಾಲು ಮೀನಖಂಡದವರೆಗೆ ಹೂತುಹೋಯಿತು. ಅಲ್ಲೇ ನಿಂತುಬಿಟ್ಟ. ನಾನು ತಿರುಗಿ ಹಳ್ಳದ ಕಡೆ ನೋಡಿದೆ. ಬಹಳ ದೂರವಿತ್ತು.