ಜುಟ್ಟು ಬಿಚ್ಚಿದವರ ಗಮನಕ್ಕೆ

ಮಾನ್ಯ ಓದುಗರೇ,

ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ, ತಿ. ನರಸೀಪುರದಿಂದ ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ, ನನ್ನ ಮಗಳ ಜುಟ್ಟನ್ನು ನನ್ನ ಅನುಮತಿಯಿಲ್ಲದೆ ಬಿಚ್ಚಲಾಯಿತು.

ಬಿಚ್ಚಿದವರು ಯಾರು? ನನಗೆ ಗೊತ್ತಿಲ್ಲ. ಅವರಿಗೂ ನಾನು ಗೊತ್ತಿಲ್ಲ. ಬಸ್ಸು ತುಂಬಿತ್ತು. ನಾನು ನಿಂತಿದ್ದೆ. ಕಿಟಕಿ ಪಕ್ಕ ಕುಳಿತಿದ್ದ ಹೆಂಗಸೊಬ್ಬರು "ಕೊಡಿ ಸಾ, ಕೂಸ್ನ ಇಲ್ ಕೊಡಿ" ಎಂದು ಕೈ ಚಾಚಿದರು. ಕೊಟ್ಟೆ. ನಿಂತವರ ಮಗು ಕುಳಿತವರ ಮಡಿಲಿಗೆ ಸೇರುವುದು ನಮ್ಮ ಕಡೆಯ ಬಸ್ಸುಗಳ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಮಗುವನ್ನು ಪಡೆದ ಸದರಿಯವರು ಮರುಕ್ಷಣವೇ ಅವಳ ರಬ್ಬರ್ ಬ್ಯಾಂಡ್ ಕಿತ್ತು ತಮ್ಮ ಹಲ್ಲಿನಲ್ಲಿ ಕಚ್ಚಿಕೊಂಡರು. ಅಂಗೈಗೆ ಉಗುಳು ಸವರಿಕೊಂಡರು. (ಹೌದು, ಉಗುಳು.) ಅದೇ ಅಂಗೈಯಿಂದ ನನ್ನ ಮಗಳ ಮುಂಗೂದಲನ್ನು ನೀವತೊಡಗಿದರು.

"ಗಂಡಸ್ರು ಆಕಿರೋ ಜುಟ್ಟು ಅಂತ ನೋಡಿದ್ರೇ ಗೊತ್ತಾಯ್ತದೆ ಕಣಕ್ಕ" ಎಂದು ಪಕ್ಕದವರಿಗೆ ವರದಿ ಮಾಡಿದರು.

ಪಕ್ಕದವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ದನಿ ತಗ್ಗಿಸಿ ಕೇಳಿದರು: "ಅವ್ವ ಇಲ್ವಾ ಸಾ ಕೂಸ್ಗೆ?"

"ಇದಾರೆ ಕಣಮ್ಮ. ಟೀಚರ್ರು. ಬೆಳಿಗ್ಗೆ ಬೇಗ ಹೊರಡ್ತಾರೆ."

"ಟೀಚರ್ರಾ! ಊರ್ ಮಕ್ಳಿಗೆಲ್ಲಾ ಪಾಠ ಯೋಳ್ತಾರೆ, ಮನೆ ಕೂಸ್ಗೆ ಜುಟ್ಟಾಕಕೆ ಪುರ್ಸೊತ್ತಿಲ್ಲ!"

ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ್ ಕೂಡ ಸುಮ್ಮನಿರಲಿಲ್ಲ. "ಬಸ್ಸಲ್ಲಿ ಸಲೂನ್ ಮಡಗಿದ್ರೆ ಎಕ್ಸ್‌ಟ್ರಾ ಲಗೇಜು ಕಣಮ್ಮೋ" ಎಂದರು. ಅದಕ್ಕೂ ನಗು. ನಾನು ಮೇಲಿನ ಕಂಬಿ ಹಿಡಿದು ನೇತಾಡುತ್ತಿದ್ದೆ. ಏನು ಕ್ರಮ ಕೈಗೊಳ್ಳಲಿ?

ಹೊಸ ಜುಟ್ಟು ನಡುನೆತ್ತಿಯ ಮೇಲೆ ತೆಂಗಿನಕಾಯಿಯ ಜುಟ್ಟಿನಂತೆ ನೆಟ್ಟಗೆ ನಿಂತಿತ್ತು. ನೋಡಲು ಚಂದವಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ನಂಜನಗೂಡು ತಲುಪುವ ಹೊತ್ತಿಗೆ ಮುಂಗೂದಲು ಅಷ್ಟೂ ಜಾರಿ ಎಡಗಣ್ಣಿನ ಮೇಲೆ ಬಿದ್ದಿತ್ತು. ಆಗ ಆ ಹೆಂಗಸರು ಎಲ್ಲಿದ್ದರು? ಇಳಿದು ಹೋಗಿದ್ದರು.

ನನ್ನ ಪರಿಚಯ ಹೇಳುವುದು ಮರೆತೆ. ನಾನು ನಂಜನಗೂಡಿನ ಒಂದು ಕಚೇರಿಯಲ್ಲಿ ಗುಮಾಸ್ತ. ಪತ್ರ ಬರೆದು ಗೊತ್ತು. ಅಂಕಣ ಬರೆದು ಗೊತ್ತಿಲ್ಲ. ಇದು ಮೊದಲ ಪ್ರಯತ್ನ. ಬರವಣಿಗೆಯಲ್ಲಿ ಲೋಪದೋಷಗಳಿದ್ದರೆ ಮನ್ನಿಸಬೇಕಾಗಿ ಕೋರುತ್ತೇನೆ. ಕೋಪಕ್ಕೆ ಮಾತ್ರ ಕ್ಷಮೆ ಕೋರುವುದಿಲ್ಲ.

ನನ್ನ ಮಗಳು ಗಾನವಿಗೆ ಎರಡೂವರೆ ವರ್ಷ. ನಾವಿರುವುದು ತಿ. ನರಸೀಪುರದಲ್ಲಿ. ನನ್ನ ಪತ್ನಿ ಸವಿತಾ ಬನ್ನೂರು ಕಡೆಯ ಶಾಲೆಯೊಂದಕ್ಕೆ ಬೆಳಗಿನ ಬಸ್ಸು ಹಿಡಿಯುತ್ತಾಳೆ. ಆದ್ದರಿಂದ ಮಗುವನ್ನು ಎಬ್ಬಿಸಿ, ತೊಳೆದು, ತಿನ್ನಿಸಿ, ತಲೆ ಬಾಚಿ, ನಂಜನಗೂಡಿನಲ್ಲಿರುವ ಅತ್ತೆಯವರ ಮನೆಗೆ ತಲುಪಿಸಿ ಕಚೇರಿಗೆ ಹೋಗುವುದು ನನ್ನ ಕರ್ತವ್ಯ. ಇದರಲ್ಲಿ ತೊಳೆಯುವುದೂ ತಿನ್ನಿಸುವುದೂ ಸುಲಭ. ಕಷ್ಟವಿರುವುದು ತಲೆಯಲ್ಲಿ.

ಎರಡೂವರೆ ವರ್ಷದ ಮಗುವಿನ ಮುಂಗೂದಲನ್ನು ಹಿಡಿದು ನೋಡಿದ್ದೀರಾ? ರೇಷ್ಮೆ. ಕ್ಲಿಪ್ಪು ಹಾಕಿದರೆ ಜಾರುತ್ತದೆ. ಜಾರಿದ ಕ್ಲಿಪ್ಪು ನೇರವಾಗಿ ಬಾಯಿಗೆ ಹೋಗುತ್ತದೆ. ಹೇರ್‌ಬ್ಯಾಂಡ್ ಹಾಕಿದರೆ ಕತ್ತಿಗಿಳಿದು ಸರವಾಗುತ್ತದೆ. ನೆತ್ತಿಯ ಜುಟ್ಟಿನಲ್ಲಿ ನಿಲ್ಲುವಷ್ಟು ಉದ್ದವಿಲ್ಲ, ಕಣ್ಣಿಗೆ ಬೀಳದಷ್ಟು ಗಿಡ್ಡವೂ ಇಲ್ಲ. ಎಣ್ಣೆ ಹೆಚ್ಚಾದರೆ ರಬ್ಬರ್ ಬ್ಯಾಂಡ್ ನಿಲ್ಲದು, ಕಡಿಮೆಯಾದರೆ ಎಳೆಗಳು ಹಾರುತ್ತವೆ.

ಹಲವು ಬೆಳಗುಗಳ ಪ್ರಯೋಗದ ನಂತರ ನಾನೊಂದು ಕ್ರಮ ಕಂಡುಕೊಂಡೆ. ಮಗುವನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸುವುದು. ಎರಡು ಕೈಗೂ ಒಂದೊಂದು ಚಮಚ ಕೊಡುವುದು. ಅವಳು ಬಕೆಟ್ಟನ್ನು ತಮಟೆ ಮಾಡಿಕೊಂಡು ಬಾರಿಸುತ್ತಿರುವಾಗ, ಮುಂಗೂದಲನ್ನು ಎರಡು ಪಾಲು ಮಾಡಿ, ಒಂದೊಂದನ್ನೂ ಹಗ್ಗ ಹೊಸೆದಂತೆ ಹೊಸೆದು, ಕಿವಿಯ ಮೇಲಿನ ಕೂದಲಿನ ಜೊತೆ ಸೇರಿಸಿ, ಪಕ್ಕಕ್ಕೆ ಸಣ್ಣ ಗಂಟಿನಂತೆ ಬಿಗಿಯುವುದು. ನೋಡಲು ಚಂದವಿಲ್ಲ. ಮೇಕೆಮರಿಗೆ ಕೋಡು ಮೂಡುತ್ತಿರುವಂತೆ ಕಾಣುತ್ತದೆ ಎಂದು ಸವಿತಾಳೇ ಹೇಳಿದ್ದಾಳೆ. ಆದರೆ ನಿಲ್ಲುತ್ತದೆ. ಕಣ್ಣಿಗೆ ಬೀಳುವುದಿಲ್ಲ. ಜುಟ್ಟಿನ ಕೆಲಸ ಅದೇ ತಾನೇ?

ಆ ಗಂಟು ಒಂದು ದಿನವಾದರೂ ಸಂಜೆಯವರೆಗೆ ಉಳಿದಿದೆಯೇ? ಇಲ್ಲ. ಬಸ್ಸಿನಲ್ಲಿ ಒಬ್ಬರು ಬಿಚ್ಚುತ್ತಾರೆ. ಅತ್ತೆಯವರು ಬಾಗಿಲಲ್ಲೇ "ಕೊಡಿ ಅಳಿಯಂದ್ರೇ, ನೀವ್ ಆಫೀಸ್‌ಗೆ ಹೊರಡಿ, ನಾನ್ ಸರಿ ಮಾಡ್ಕೊತೀನಿ" ಎಂದು ಗೌರವಪೂರ್ವಕವಾಗಿ ಬಿಚ್ಚುತ್ತಾರೆ. ಸಂಜೆ ನಮ್ಮ ವಠಾರದ ಯಾರಾದರೂ ಬಿಚ್ಚುತ್ತಾರೆ. ಎಲ್ಲರೂ ತೆಂಗಿನಕಾಯಿ ಜುಟ್ಟೇ ಹಾಕುತ್ತಾರೆ. ಎಲ್ಲರ ಜುಟ್ಟಿನಿಂದಲೂ ಮುಂಗೂದಲು ಜಾರಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಎಲ್ಲರೂ ನನ್ನನ್ನೇ ನೋಡುತ್ತಾರೆ.

"ಕತ್ತರಿಸಿಬಿಡಿ, ಮುಗಿಯಿತಲ್ಲ?" ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಗಾನವಿ ಹುಟ್ಟುವ ಮುನ್ನ ನನ್ನ ಅವ್ವ ಹರಕೆ ಹೊತ್ತಿದ್ದಳು. ಹೆರಿಗೆ ಸುಸೂತ್ರವಾದರೆ ಮೊದಲ ಮುಡಿ ನಂಜುಂಡೇಶ್ವರನಿಗೆ. ಅದು ಮೀಸಲು ಕೂದಲು. ಅಲ್ಲಿಯವರೆಗೆ ಕತ್ತರಿ ಸೋಕುವಂತಿಲ್ಲ. ಮುಡಿಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ವರ್ಷ ತುಂಬುವವರೆಗೆ ಮನೆಯಲ್ಲಿ ಶುಭಕಾರ್ಯವಿಲ್ಲ. ಮುಡಿ ಮುಂದಕ್ಕೆ ಹೋಯಿತು. ದೊಡ್ಡಪ್ಪನ ಸಾವನ್ನು ಎಲ್ಲರೂ ಗೌರವಿಸಿದರು. ಕೂದಲು ಮಾತ್ರ ಗೌರವಿಸಲಿಲ್ಲ, ಬೆಳೆಯುತ್ತಲೇ ಇತ್ತು.

ಆ ಸೋಮವಾರದ ವಾರದಲ್ಲೇ ಗಾನವಿಯ ಎಡಗಣ್ಣು ಕೆಂಪಾಯಿತು. ಅವಳು ತಲೆಯನ್ನು ಬಲಕ್ಕೆ ವಾಲಿಸಿ, ಹಕ್ಕಿಯಂತೆ ಒಂದೇ ಕಣ್ಣಿನಲ್ಲಿ ನೋಡುವುದನ್ನು ಗಮನಿಸಿದೆ. ಲೋಟಕ್ಕೆ ಕೈ ಹಾಕಿದರೆ ಲೋಟದ ಪಕ್ಕಕ್ಕೆ ಹೋಗುತ್ತಿತ್ತು. ನಂಜನಗೂಡಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ.

"ಕೂದಲು ಉಜ್ಜಿ ಉಜ್ಜಿ ಆಗಿರೋದು" ಎಂದರು ಡಾಕ್ಟರು. "ಡ್ರಾಪ್ಸ್ ಕೊಡ್ತೀನಿ. ಆದರೆ ಕೂದಲು ಕಣ್ಣಿಗೆ ಬೀಳಬಾರದು. ಒಂದೇ ಕಣ್ಣಲ್ಲಿ ನೋಡೋ ಅಭ್ಯಾಸ ಆಗಿಬಿಟ್ರೆ ಆ ಇನ್ನೊಂದು ಕಣ್ಣು ಸೋಮಾರಿ ಆಗುತ್ತೆ. ಮುಂದಿನ ಕೂದಲು ಕಟ್ ಮಾಡಿಸಿಬಿಡಿ."

"ಮೊದಲನೇ ಮುಡಿ ಆಗಿಲ್ಲ ಡಾಕ್ಟ್ರೇ."

ಅವರು ಪೆನ್ನು ಕೆಳಗಿಟ್ಟರು. "ಹಾಗಿದ್ರೆ ಏನಾದ್ರೂ ಮಾಡಿ" ಎಂದರು. ಇದು ಆದೇಶವೇ? ಸಲಹೆಯೇ?

ಅಲ್ಲಿಂದ ನೇರವಾಗಿ ನಾನು ಕ್ಷೌರ ಮಾಡಿಸಿಕೊಳ್ಳುವ ಅಂಗಡಿಗೆ ಹೋದೆ. ಅಂಗಡಿಯವರು ಕುರ್ಚಿಗೆ ಹಲಗೆ ಅಡ್ಡ ಇಟ್ಟು, ಮಗುವನ್ನು ಕೂರಿಸಿ, ಬಟ್ಟೆ ಹೊದಿಸಿ, ಕತ್ತರಿ ಎತ್ತಿ, ಸಹಜವಾಗಿ ಕೇಳಿದರು: "ಮುಡಿ ಎಲ್ಲಿ ಕೊಟ್ರಿ ಸಾ?"

"ಇನ್ನೂ ಇಲ್ಲ."

ಕತ್ತರಿ ಕೆಳಗಿಳಿಯಿತು. ಬಟ್ಟೆ ತೆಗೆದರು. "ಸಾ, ನಿಮ್ ತಲೆ ಬೇಕಾದ್ರೆ ಫ್ರೀಯಾಗ್ ಬೋಳ್ಸಿ ಕಳುಸ್ತೀನಿ. ದೇವ್ರ ಮೀಸ್ಲು ಮುಟ್ಟಕಿಲ್ಲ ನಾನು. ನಂಜನಗೂಡಲ್ಲೇ ಕುಂತ್ಕೊಂಡು ನಂಜುಂಡಪ್ಪಂದು ಕದಿಯಾಕಾದದಾ?"

ತಾವೇ ಯೋಚಿಸಿ. ಕಪಿಲೆಯ ದಡದಲ್ಲಿ ಬೆಳಗಾದರೆ ಸಾಲು ಸಾಲು ತಲೆಗಳು ಬೋಳಾಗುವ ಊರು ಇದು. ಆ ಊರಿನಲ್ಲಿ ಒಂದು ಮಗುವಿನ ಕಣ್ಣಿನ ಮೇಲಿನ ಎರಡು ಬೆರಳು ಕೂದಲು ಕತ್ತರಿಸುವವರು ಸಿಗಲಿಲ್ಲ!

ನಾನೇ ಕತ್ತರಿಸಲು ನಿರ್ಧರಿಸಿದೆ. ಮನೆಗೆ ಬಂದು ಕತ್ತರಿ ಹುಡುಕುತ್ತಿದ್ದಾಗ ಸವಿತಾ ಶಾಲೆಯಿಂದ ಬಂದಳು. ವಿಷಯ ಕೇಳಿದಳು. ಕತ್ತರಿ ಎಲ್ಲಿದೆ ಎಂದು ಹೇಳಲಿಲ್ಲ.

"ನೀವು ಕತ್ತರಿಸ್ತೀರಿ. ನಾಳೆ ಇವಳಿಗೆ ಒಂದು ಸೀನು ಬಂದ್ರೂ ಮೀಸ್ಲು ಮುರಿದಿದ್ದಕ್ಕೇ ಬಂತು ಅಂತಾರೆ. ಯಾರಿಗೆ ಅಂತಾರೆ? ನಿಮಗಾ? 'ಓದಿರೋಳು, ಟೀಚರ್ರು, ದೇವ್ರು ದಿಂಡ್ರು ಇಲ್ಲ' ಅಂತ ನಂಗಂತಾರೆ. ಬಸ್ಸಲ್ಲಿ ನೀವು ನಿಂತಿರ್ತೀರಿ, ಬೈಸ್ಕೊಳ್ಳೋದು ನಾನು."

ಕತ್ತರಿ ಹುಡುಕುವುದನ್ನು ಬಿಟ್ಟೆ. ಬಸ್ಸಿನಲ್ಲಿ ನಿಂತವನು ನಾನೇ. ಬೈಸಿಕೊಂಡವಳು ಆ ಬಸ್ಸಿನಲ್ಲೇ ಇರದಿದ್ದ ಅವಳು. ಇದು ಯಾವ ನ್ಯಾಯ?

ನಂಜುಂಡೇಶ್ವರನ ಮೇಲೆ ನನ್ನ ದೂರೇನೂ ಇಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬಯಸುತ್ತೇನೆ. ನಾನೂ ಕೈ ಮುಗಿಯುವವನೇ. ಲೋಕಕ್ಕಾಗಿ ವಿಷವನ್ನೇ ನುಂಗಿದ ದೇವರು ಎರಡು ಬೆರಳು ಕೂದಲಿಗೆ ಮುನಿದುಕೊಳ್ಳುವನೇ? ನನ್ನ ದೂರು ನಮ್ಮ ಮೇಲೆ. ಈ ಕೂದಲನ್ನು ಕತ್ತರಿಸಬೇಡ ಎನ್ನುವ ಅಧಿಕಾರ ಅವ್ವನಿಗಿದೆ, ಕ್ಷೌರದಂಗಡಿಗಿದೆ, ಬಂಧುಬಳಗಕ್ಕಿದೆ. ಜುಟ್ಟು ಬಿಚ್ಚುವ ಅಧಿಕಾರ ಇಡೀ ಬಸ್ಸಿಗೇ ಇದೆ. ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ಯಾರದು ಎಂದಾಗ ಮಾತ್ರ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ.

ಮತ್ತೆ ತೋರಿಸಲು ಹೋದ ದಿನ, ಆಸ್ಪತ್ರೆಯ ನರ್ಸ್ ಕಣ್ಣಿಗೆ ಡ್ರಾಪ್ಸ್ ಹಾಕಬೇಕಿತ್ತು. ಕೂದಲು ಅಡ್ಡ ಬರುತ್ತಿತ್ತು. "ಥೂ, ಇದೊಂದು" ಎಂದು, ಗಾಯದ ಪಟ್ಟಿಗೆ ಅಂಟಿಸುವ ಬಿಳಿ ಟೇಪನ್ನು ಹರಿದು, ಮುಂಗೂದಲನ್ನು ಹಿಂದಕ್ಕೆ ಮಡಿಸಿ ತಲೆಯ ಮೇಲೆ ಅಡ್ಡಕ್ಕೆ ಅಂಟಿಸಿದರು. ಡ್ರಾಪ್ಸ್ ಹಾಕಿದರು. ಟೇಪು ತೆಗೆಯುವುದನ್ನು ಮರೆತರು. ನಾನೂ ಮರೆತೆ.

ಬಸ್ಸು ಹತ್ತಿದೆ. ಎಂದಿನಂತೆ ತುಂಬಿತ್ತು. ಆದರೆ ಏನಾಶ್ಚರ್ಯ! ಒಬ್ಬರು ಎದ್ದು ನನಗೇ ಸೀಟು ಕೊಟ್ಟರು. "ಕೂತ್ಕೊಳಿ ಸಾ, ಅಯ್ಯೋ, ಕೂಸ್ಗೆ ಏಟಾಗದೆ." ಒಬ್ಬರೂ ತಲೆ ಮುಟ್ಟಲಿಲ್ಲ. ಒಬ್ಬರೂ ಮಗುವಿನ ಅವ್ವನ ಬಗ್ಗೆ ವಿಚಾರಿಸಲಿಲ್ಲ. ಪಕ್ಕದ ಅಜ್ಜಿ ಚೀಲದಿಂದ ಬಾಳೆಹಣ್ಣು ತೆಗೆದು ಮಗುವಿಗೆ ಕೊಟ್ಟು, "ಬಿದ್ಬುಟ್ಯಾ ನನ್ನವ್ವಾ?" ಎಂದರು. ಗಾನವಿ ಎರಡೂ ಕಣ್ಣುಗಳನ್ನು ಅಗಲಿಸಿ ಅವರನ್ನು ನೋಡಿದಳು.

ಎರಡೂ ಕಣ್ಣು! ಎಷ್ಟು ದಿನಗಳಾಗಿದ್ದವು ಅವನ್ನು ಒಟ್ಟಿಗೆ ನೋಡಿ.

ಅಂದೇ ಮೆಡಿಕಲ್ ಅಂಗಡಿಯಲ್ಲಿ ಅದೇ ಬಿಳಿ ಟೇಪಿನ ಸುರುಳಿಯೊಂದನ್ನು ತಂದೆ. ದಿನವೂ ಅಂಟಿಸಿದೆ. ಬಸ್ಸಿನವರು ಬಿಚ್ಚಲಿಲ್ಲ. ವಠಾರದವರು ಬಿಚ್ಚಲಿಲ್ಲ. ನಿಜ ತಿಳಿದಿದ್ದ ಅತ್ತೆಯವರೂ ಆ ಬಿಳಿಪಟ್ಟಿ ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಕಣ್ಣಿನ ಕೆಂಪು ಇಳಿಯಿತು. ತಲೆ ನೆಟ್ಟಗಾಯಿತು. ಕೈ ಲೋಟಕ್ಕೇ ಹೋಗತೊಡಗಿತು. ಅಪ್ಪನಾದವನು ಶ್ರದ್ಧೆಯಿಂದ ಹೊಸೆದ ಗಂಟಿಗೆ ಸಿಗದ ಮರ್ಯಾದೆ, ಇಲ್ಲದ ಗಾಯಕ್ಕೆ ಸಿಕ್ಕಿತು. ಅವಮಾನವೆನಿಸಿದರೂ ನುಂಗಿಕೊಂಡೆ. ಕಣ್ಣು ಮುಖ್ಯ.

ಭಾನುವಾರ ಹೆಮ್ಮಿಗೆಗೆ, ನನ್ನ ಅವ್ವನ ಮನೆಗೆ ಹೋದೆವು. ಟೇಪಿನ ವಿಷಯವನ್ನು ಎದುರಿಗೇ ವಿವರಿಸೋಣವೆಂದುಕೊಂಡಿದ್ದೆ. ಆದರೆ ಸುದ್ದಿ ನಮಗಿಂತ ಮೊದಲೇ ಅದೇ ಬಸ್ಸಿನಲ್ಲಿ ಊರು ಸೇರಿತ್ತು. ಅವ್ವ ಜಗುಲಿಯಿಂದಲೇ ಎದ್ದು ಬಂದು ಮಗುವನ್ನು ಬಾಚಿಕೊಂಡಳು.

"ನನ್ ಕಂದಾ! ತಲೆ ಒಡ್ಕೊಂಡ್ಯಾ? ಒಂದ್ ಫೋನಾರ ಮಾಡಿದ್ಯೇನ್ಲಾ ನೀನು?"

"ಅವ್ವಾ, ಗಾಯ ಆಗೇ ಇಲ್ಲ. ಕೂದ್ಲು ಕಣ್ಣಿಗೆ ಬೀಳ್ದೆ ಇರ್ಲಿ ಅಂತ ಅಂಟಿಸಿರೋದು. ನೋಡು." ಟೇಪು ಬಿಡಿಸಿ ತೋರಿಸಿದೆ.

ಅವ್ವ ನೋಡಿದಳು. ಬೆರಳಿನಿಂದ ತಡವಿ ನೋಡಿದಳು. ಬೆಳಕಿಗೆ ತಿರುಗಿಸಿ ನೋಡಿದಳು. ಗಾಯವಿಲ್ಲ. ಕಣ್ಣಿನ ರೆಪ್ಪೆ ಎತ್ತಿಯೂ ನೋಡಿದಳು. ಅಲ್ಲಿಯೂ ಏನಿಲ್ಲ. ಅವಳ ಮುಖ ಅರಳಿತು. ಎರಡೂ ಕೈ ಎತ್ತಿ ನಂಜನಗೂಡಿನ ದಿಕ್ಕಿಗೆ ಮುಗಿದಳು.

"ನಂಜುಂಡಪ್ಪಾ, ಕಾಪಾಡ್ದೆ ಕಣಪ್ಪಾ! ಸುದ್ದಿ ಕೇಳಿದ ಗಳ್ಗೇಲೇ ಅರ್ಕೆ ಒತ್ಕಂಡೆ. ಏಟು ವಾಸಿ ಆಗ್ಲಿ, ಮೊದಲ್ನೇದಾದ್ಮೇಲೆ ಎರಡ್ನೇ ಮುಡೀನೂ ನಿಂಗೇ ಅಂತ. ನೋಡ್ಲಾ, ಗಾಯದ ಗುರ್ತೂ ಉಳಿಸ್ನಿಲ್ಲ ಸ್ವಾಮಿ!"

"ಅವ್ವಾ, ಗಾಯಾನೇ ಇರ್ಲಿಲ್ಲ! ಇಲ್ಲದ ಗಾಯಕ್ಕೆ ಎಂಥಾ ಹರಕೆ? ಬೇಡ ಅಂದ್ಬಿಡು."

ಅವ್ವ ನನ್ನನ್ನು ಕನಿಕರದಿಂದ ನೋಡಿದಳು. "ಒತ್ತ ಅರ್ಕೆ ವಾಪಸ್ ತಕೊಳಾಕೆ ಅದೇನ್ ನಿನ್ ಆಪೀಸ್ಗೆ ಕೊಡೋ ಅರ್ಜಿ ಅನ್ಕಂಡ್ಯೇನ್ಲಾ?"

ಸವಿತಾ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಪಾತ್ರೆ ಇಟ್ಟ ಸದ್ದು ಸ್ವಲ್ಪ ಜೋರಾಗಿತ್ತು.

ಆದ್ದರಿಂದ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ದೊಡ್ಡಪ್ಪನ ವರ್ಷ ತುಂಬಿದ ಮೇಲೆ ನನ್ನ ಮಗಳ ತಲೆ ಬೋಳಾಗುತ್ತದೆ. ಕೆಲವು ತಿಂಗಳು ಅವಳು ಲೋಕವನ್ನು ನೆಮ್ಮದಿಯಿಂದ ನೋಡುತ್ತಾಳೆ. ಅನಂತರ ಎರಡನೆಯ ಮೀಸಲು ಕೂದಲು ಹುಟ್ಟಿ, ಬೆಳೆದು, ಹಣೆ ದಾಟಿ, ಮತ್ತೆ ಅದೇ ಎಡಗಣ್ಣಿಗೆ ಇಳಿಯುತ್ತದೆ. ಬಕೆಟ್ಟು, ಚಮಚ, ರಬ್ಬರ್ ಬ್ಯಾಂಡುಗಳೊಂದಿಗೆ ನಾನು ಸಿದ್ಧನಿರುತ್ತೇನೆ. ಕಿಟಕಿ ಪಕ್ಕದ ಸೀಟಿನವರೂ ಸಿದ್ಧರಿರುತ್ತಾರೆ, ಸಂಶಯವಿಲ್ಲ. ಬಿಳಿ ಟೇಪನ್ನು ಇನ್ನು ಬಳಸುವ ಧೈರ್ಯ ನನಗಿಲ್ಲ. ಮೂರನೆಯ ಮುಡಿಯ ಭಯ.

ಕೂದಲು ದೇವರಿಗೆ ಮೀಸಲು, ಒಪ್ಪಿದ್ದೇನೆ. ನನ್ನ ಮಗಳ ಕಣ್ಣು ಯಾರಿಗೆ ಮೀಸಲು?